ನಮ್ಮತ್ತೆ ಮೇಷ್ಟ್ರುಗಳ ಗುಂಪಿಗೆ ಸೇರಿದ್ದು

ನಮ್ಮತ್ತೆಗೆ ಬಾಯಿಲ್ಲ ಅಂತ ಯಾರಾದರೂ ಹೇಳಿದರೆ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಅಷ್ಟೂ ಆಟೋದವರು ಬಿದ್ದು ಬಿದ್ದು ನಕ್ಕಾರು. ಬಾಯಿ ಇದೆ, ಧಾರಾಳವಾಗಿಯೇ ಇದೆ. ಆದರೆ ಆ ಬಾಯಿಂದ ಒಂದೇ ಒಂದು ಪ್ರಶ್ನೆ ಹೊರಬಿದ್ದದ್ದನ್ನು ನನಗೆ ಮೂವತ್ತು ತುಂಬುವವರೆಗೂ ನಾನು ಕೇಳಿರಲಿಲ್ಲ! ಬೈಯುವಾಗ ಬರುವ ‘ಏನ್ಲೇ’, ‘ಯಾಕ್ಲೇ’ಗಳನ್ನು ನಾನು ಪ್ರಶ್ನೆ ಅಂತ ಹಿಡಿದಿಲ್ಲ. ‘ಮೂರು ನಾಲ್ಕಲಿ ಎಷ್ಟು?’ ಎಂದು ಶಾಲೆಯಲ್ಲಿ ಕೇಳುವುದನ್ನೂ ಹಿಡಿದಿಲ್ಲ. ಉತ್ತರ ಗೊತ್ತಿದ್ದೇ ಕೇಳುವುದು ಯಾವ ಸೀಮೆಯ ಪ್ರಶ್ನೆ? ನಾನು ಹೇಳುವುದು ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳಲು ಕೇಳುವ ನಿಜವಾದ ಪ್ರಶ್ನೆಯ ಮಾತು. ಅದು ಅವಳ ಜಾತಕದಲ್ಲೇ ಇರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಈ ಅತ್ತೆ ನನ್ನ ಹೆಂಡತಿಯ ತಾಯಿ ಅಲ್ಲ. ಅವರ ಬಗ್ಗೆ ಹೀಗೆಲ್ಲ ಬರೆದು, ಆಮೇಲೆ ಅದೇ ಮನೆಯಲ್ಲಿ ಕೂತು ಊಟ ಮಾಡುವಷ್ಟು ಧೈರ್ಯ ನನಗಿಲ್ಲ! ಇವಳು ನಮ್ಮಪ್ಪನ ಅಕ್ಕ. ಮೊಳಕಾಲ್ಮುರಿನಿಂದ ಆಚೆಗೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಒಂದು ಹಳ್ಳಿಯಲ್ಲಿ ಟೀಚರು. ಒಂದೇ ಕೋಣೆಯ ಶಾಲೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಎಲ್ಲವೂ ಆ ಕೋಣೆಯಲ್ಲೇ, ಎಲ್ಲದಕ್ಕೂ ಇವಳೊಬ್ಬಳೇ. ದಿನಾ ಬೆಳಿಗ್ಗೆ ಚಳ್ಳಕೆರೆಯಿಂದ ಎರಡು ಬಸ್ಸು ಬದಲಾಯಿಸಿ ಹೋಗುವಳು, ಸಾಯಂಕಾಲ ಎರಡು ಬಸ್ಸು ಬದಲಾಯಿಸಿ ಬರುವಳು.

ಆ ಬಸ್ಸಿನದೇ ಒಂದು ಕಥೆ ಇದೆ. ಒಂದು ದಿನ ಮೊಳಕಾಲ್ಮುರು ಬಸ್ಸು ನಿಲ್ಲುವ ಜಾಗದಲ್ಲಿ ಬೋರ್ಡಿಲ್ಲದ ಬಸ್ಸೊಂದು ನಿಂತಿತ್ತು. ಬೇರೆಯವರಾಗಿದ್ದರೆ ‘ಇದು ಎಲ್ಲಿಗೆ ಹೋಗ್ತದಪ್ಪಾ?’ ಎಂದು ಕಂಡಕ್ಟರನ್ನು ಕೇಳುತ್ತಿದ್ದರು. ಅತ್ತೆ ಕೇಳುವುದುಂಟೇ? ಹತ್ತಿ ಕೂತಳು. ಬಸ್ಸು ಹೋಗಿ ನಿಂತದ್ದು ಪರಶುರಾಂಪುರದಲ್ಲಿ! ಇಳಿದವಳು ಅಲ್ಲಿದ್ದ ದೂರದ ಸಂಬಂಧಿಕರ ಮನೆ ಹುಡುಕಿಕೊಂಡು ಹೋಗಿ, ‘ನಿಮ್ಮನ್ನ ನೋಡಿ ಬಾಳ ದಿನ ಆಗಿತ್ತು, ಅದಕ್ಕೇ ರಜಾ ಹಾಕಿ ಬಂದೆ’ ಎಂದಳಂತೆ. ಅವರು ಆನಂದಪಟ್ಟು ಹೋಳಿಗೆ ಮಾಡಿದರು. ಸಂಜೆ ಕೈಯಲ್ಲಿ ಒಂದು ಚೀಲ ಈರುಳ್ಳಿ ಹಿಡಿದು ವಾಪಸ್ ಬಂದವಳ ಮುಖದಲ್ಲಿ, ಎಲ್ಲ ತಾನು ಅಂದುಕೊಂಡ ಹಾಗೇ ನಡೆಯಿತು ಎನ್ನುವ ಕಳೆ!

ಡಾಕ್ಟರ ಹತ್ತಿರ ಹೋದರೂ ಅಷ್ಟೇ. ‘ಏನಾಗಿದೆ’ ಎಂದು ಅವರು ಬಾಯಿ ತೆರೆಯುವ ಮೊದಲೇ, ‘ಇದು ವಾಯು. ಮೂರು ದಿನದ ಮಾತ್ರೆ ಬರೀರಿ’ ಎನ್ನುತ್ತಿದ್ದಳು. ಪಾಪ, ಡಾಕ್ಟರು ಬರೆಯುತ್ತಿದ್ದರು. ಅವರೂ ಚಿಕ್ಕಂದಿನಲ್ಲಿ ಟೀಚರ ಕೈಯಲ್ಲಿ ಕಲಿತವರೇ ತಾನೆ, ಆ ಧ್ವನಿಗೆ ಕೈ ತಾನಾಗಿ ಓಡುತ್ತಿತ್ತು!

ಮದುವೆಯ ಸಂಗತಿ ಇನ್ನೂ ಮಜಾ. ಚಳ್ಳಕೆರೆಯಲ್ಲಿ ಒಂದೇ ರಸ್ತೆಯ ಎರಡು ಛತ್ರದಲ್ಲಿ ಒಂದೇ ದಿನ ಎರಡು ಮದುವೆ. ಅತ್ತೆ ತನ್ನ ಗಂಡನನ್ನೂ, ಅಂದರೆ ನಮ್ಮ ಮಾವನನ್ನೂ, ಎಳೆದುಕೊಂಡು ಹೊಕ್ಕದ್ದು ಬೇರೆಯವರ ಮದುವೆಗೆ. ‘ಗಂಡಿನ ಕಡೆಯವರು ಯಾರೂ ಗುರ್ತೇ ಸಿಗ್ತಿಲ್ಲವಲ್ಲೇ, ಯಾರನ್ನಾದ್ರೂ ಕೇಳಾಣೇನು?’ ಎಂದು ಮಾವ ಪಿಸುಗುಟ್ಟಿದರಂತೆ. ‘ಸುಮ್ನಿರ್ರಿ, ಮೇಕಪ್ಪಲ್ಲಿ ಗುರ್ತು ಸಿಗಲ್ಲ’ ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದಳು. ಅಕ್ಷತೆ ಹಾಕಿ, ಎರಡನೇ ಪಂಕ್ತಿಯಲ್ಲಿ ಕೂತು, ಸಾರಿಗೆ ಉಪ್ಪು ಸಾಲದೆಂದು ಅಡುಗೆಯವರಿಗೆ ತಿಳಿಸಿ, ಮದುಮಗಳಿಗೆ ಬುದ್ಧಿಮಾತು ಹೇಳಿ ಬಂದರು. ಆ ಮದುಮಗಳು ಇವತ್ತಿಗೂ ಪೇಟೆಯಲ್ಲಿ ಸಿಕ್ಕರೆ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾಳೆ. ಗಂಡನ ಕಡೆಯ ದೊಡ್ಡವರು ಎಂದು ತಿಳಿದಿದ್ದಾಳೆ!

ಇಂಥವಳು, ಒಬ್ಬರನ್ನೊಬ್ಬರು ಕೇಳುವುದಕ್ಕೆಂದೇ ಹುಟ್ಟಿದ ಒಂದು ಗುಂಪಿಗೆ ಹೋಗಿ ಸೇರಿದ್ದು ನನ್ನ ಕಣ್ಣೆದುರಿಗೇ.

ಆಗ ನಾನು ಬಸ್ ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಟೈಪ್‌ರೈಟರಿಗೆ ಬರುವವರು ಕಡಿಮೆಯಾದರು ಅಂತ ಎರಡು ಕಂಪ್ಯೂಟರ್ ತಂದು, ಹೊರಗೆ ‘ಇಂಟರ್‌ನೆಟ್’ ಎಂದು ಬೋರ್ಡು ಬರೆಸಿದ್ದೆ. ಫೋನಿನ ತಂತಿಯಲ್ಲಿ ಬರುವ ಇಂಟರ್‌ನೆಟ್ಟು. ಕೂಡಿಕೊಳ್ಳುವಾಗ ಮುದುಕರೊಬ್ಬರು ಗಂಟಲು ಸರಿಮಾಡಿಕೊಂಡಂತೆ ಕರಕರ, ಕೀಂಯ್ ಎಂದು ಸದ್ದು ಮಾಡುತ್ತಿತ್ತು. ಕರೆಂಟು ಇದ್ದರೆ ಲೈನು ಇಲ್ಲ, ಲೈನು ಇದ್ದರೆ ಕರೆಂಟು ಇಲ್ಲ. ಎರಡೂ ಇದ್ದ ದಿನ ಗಿರಾಕಿ ಇಲ್ಲ!

ಒಂದು ಭಾನುವಾರ ಅತ್ತೆ ಅಂಗಡಿಗೆ ಬಂದು ಒಂದು ಚೀಟಿ ಮೇಜಿನ ಮೇಲೆ ಇಟ್ಟಳು. ಮೊಳಕಾಲ್ಮುರಿನಲ್ಲಿ ಟೀಚರುಗಳಿಗೆ ನಡೆದ ತರಬೇತಿಯಲ್ಲಿ ಕೊಟ್ಟದ್ದಂತೆ. ಕರ್ನಾಟಕದ ಬೇರೆ ಬೇರೆ ಕಡೆಯ ಶಾಲೆಯ ಮೇಷ್ಟ್ರುಗಳು ಸೇರಿ ಇ-ಮೇಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಒಬ್ಬರು ಬರೆದದ್ದು ಎಲ್ಲರಿಗೂ ತಲುಪುತ್ತದೆ, ಎಲ್ಲರೂ ಉತ್ತರ ಬರೆಯಬಹುದು.

‘ಪಾಠ ಮಾಡೋದ್ರಲ್ಲಿ ಏನಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಇಲ್ಲಿ ಕೇಳಬಹುದು ಅಂತ ಹೇಳಿದ್ರು ಕಣೋ’ ಎಂದಳು.

ನನಗೆ ಆಶ್ಚರ್ಯ. ‘ಹಂಗಾದ್ರೆ ನೀನು ಏನೋ ಕೇಳೋದೈತೆ ಅನ್ನು!’

‘ನನಗೆ ಕೇಳೋದೇನೈತೆ? ಅಷ್ಟು ಜನ ಗೊತ್ತಿಲ್ಲ ಗೊತ್ತಿಲ್ಲ ಅಂತ ಕೂತಿದಾರಲ್ಲ, ಅವರಿಗೆ ಹೇಳೋರು ಬೇಡ್ವಾ?’

ಹೀಗೆ ಸಮಾಜಸೇವೆಗೆಂದು ನಮ್ಮತ್ತೆ ಗುಂಪು ಸೇರಿದಳು.

ಪಾಸ್‌ವರ್ಡ್ ಹಾಕಬೇಕು ಎಂದೆ. ಅದು ಗುಟ್ಟಾಗಿರಬೇಕು ಎಂದೂ ಹೇಳಿದೆ. ಹೇಳಿದ್ದೇ ತಪ್ಪಾಯಿತು. ‘ಗೋಡೆ ಕಡೆ ತಿರುಗು’ ಎಂದಳು. ತಿರುಗಿದೆ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಹಿಂದಿನಿಂದ ಬರೀ ಉಸಿರಾಟ. ಕೀಬೋರ್ಡಿನಲ್ಲಿ ಅಕ್ಷರಗಳು ಎಬಿಸಿಡಿ ಅಂತ ಸಾಲಾಗಿ ಇರುವುದಿಲ್ಲವಲ್ಲ. ಯಾವುದು ಎಲ್ಲಿದೆ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಿಯಾಳೆ? ಇಪ್ಪತ್ತು ನಿಮಿಷ ನಾನು ಗೋಡೆಯ ಕ್ಯಾಲೆಂಡರಿನ ಹಬ್ಬಗಳನ್ನೆಲ್ಲ ಬಾಯಿಪಾಠ ಮಾಡಿದೆ!

ಆಮೇಲೆ ಪ್ರತಿ ಭಾನುವಾರ ಅವಳು ಹೇಳುವುದು, ನಾನು ಟೈಪು ಮಾಡುವುದು. ಆಗ ಕನ್ನಡ ಅಕ್ಷರ ಕಳಿಸಿದರೆ ಆ ಕಡೆಯವರಿಗೆ ಚೌಕ ಚೌಕ ಡಬ್ಬಿಗಳು ಹೋಗಿ ತಲುಪುತ್ತಿದ್ದವು. ಹಾಗಾಗಿ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಅತ್ತೆ ತನ್ನ ಮೊದಲ ಪತ್ರದಲ್ಲಿ ತಾನು ಗಣಿತ ಕಲಿಸುವ ರೀತಿಯನ್ನು ಲೋಕಕ್ಕೆ ತಿಳಿಸಿದಳು. ಚೀಲದ ತುಂಬ ಸಣ್ಣ ಬೆಣಚುಕಲ್ಲು ಇಟ್ಟುಕೊಂಡಿದ್ದಾಳೆ. ಕೂಡುವುದು, ಕಳೆಯುವುದು ಎಲ್ಲ ಅದರಲ್ಲೇ. ‘ನಾನು ದಿನಾಲೂ ಮಕ್ಕಳಿಗೆ ಕಲ್ಲು ಕೊಟ್ಟು ಲೆಕ್ಕ ಕಲಿಸುತ್ತೇನೆ. ಮಕ್ಕಳು ತುಂಬಾ ಖುಷಿಯಾಗಿರುತ್ತವೆ. ನೀವೂ ಮಾಡಿ ನೋಡಿ’ ಎಂದು ಹೇಳಿಸಿ ಬರೆಸಿದಳು. ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದೆ.

ಇಂಗ್ಲಿಷ್ ಅಕ್ಷರಕ್ಕೆ ನಮ್ಮ ಲ, ಳ ಎರಡೂ ಒಂದೇ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ ನೋಡಿ!

ಮುಂದಿನ ಭಾನುವಾರ ತೆರೆದರೆ ಧಾರವಾಡದ ಕಡೆಯ ಮೇಷ್ಟ್ರೊಬ್ಬರು ಕೆಂಡ ಕಾರಿದ್ದರು. ಆ ಕಡೆ ಟೀಚರಮ್ಮನನ್ನು ‘ಬಾಯಾರು’ ಎಂದು ಕರೆಯುತ್ತಾರೆ. ‘ಬಾಯಾರ, ಸಣ್ಣ ಹುಡುಗರಿಗೆ ಕಳ್ಳು ಕುಡಿಸಿ ಲೆಕ್ಕ ಕಲಿಸೋದು ಯಾವ ಪದ್ಧತಿರಿ? ಖುಷಿಯಾಗಿರದ ಏನ್ ಮಾಡ್ಯಾವು! ಮ್ಯಾಲ ನಮಗೂ ಮಾಡಿ ನೋಡ್ರಿ ಅಂತೀರಿ!’

ಅತ್ತೆ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ‘ಬರಿ, ಬರಿ’ ಎಂದಳು. ಹಾಳೆಗಟ್ಟಲೆ ಹೇಳಿದಳು, ನಾನು ಟೈಪು ಮಾಡಿದೆ. ಕೊನೆಯ ಸಾಲಿಗೆ ಬರುವಾಗ ಕರೆಂಟು ಹೋಯಿತು. ಬಂದ ಮೇಲೆ ಮೊದಲಿನಿಂದ ಮತ್ತೆ ಹೇಳಿದಳು. ಒಂದು ಮಾತೂ ಹೆಚ್ಚುಕಮ್ಮಿ ಇಲ್ಲದೆ, ನಡುವೆ ಕೆಮ್ಮಿದ ಜಾಗದಲ್ಲಿ ಮತ್ತೆ ಕೆಮ್ಮಿ! ಆ ಮೇಷ್ಟ್ರು ಕ್ಷಮೆ ಕೇಳಿದರು. ಅಲ್ಲಿಂದ ಮುಂದೆ ಗುಂಪಿನಲ್ಲಿ ನಮ್ಮತ್ತೆಯನ್ನು ಗುರುತಿಸದವರೇ ಇಲ್ಲವಾಯಿತು.

ಒಂದು ವರ್ಷ ಹೀಗೇ ನಡೆಯಿತು. ಭಾಗಾಕಾರ ಹೇಗೆ ಹೇಳಿಕೊಡುವುದು ಎಂದು ಯಾರೋ ಕೇಳುತ್ತಿದ್ದರು, ಅತ್ತೆ ಹೇಳುತ್ತಿದ್ದಳು. ಅವಳು ಹೇಳಿದ್ದು ಚೆನ್ನಾಗಿಯೇ ಇರುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಕೇಳಲಿಲ್ಲ, ಒಂದು ಸಲವೂ ಕೇಳಲಿಲ್ಲ.

ಒಂದು ಶುಕ್ರವಾರ ಖಾಸಗಿ ಬಸ್ಸಿನವರ ಮುಷ್ಕರವಾಗಿ, ನಾನು ಅತ್ತೆಯನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡಲು ಹೋದೆ. ಅವಳ ಶಾಲೆಯನ್ನು ಒಳಗೆ ಹೋಗಿ ನೋಡಿದ್ದು ಅದೇ ಮೊದಲು. ಹದಿನೆಂಟು ಮಕ್ಕಳು. ದೊಡ್ಡ ಮಕ್ಕಳು ಗಟ್ಟಿಯಾಗಿ ಓದುತ್ತಿದ್ದವು. ಒಂದನೇ ತರಗತಿಯ ಐದು ಮಕ್ಕಳು ಮಾತ್ರ ಗೋಡೆಗೆ ಒರಗಿ ಅತ್ತೆಯ ಬಾಯನ್ನೇ ನೋಡುತ್ತಾ ಕೂತಿದ್ದವು. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು. ಅತ್ತೆಯ ಕನ್ನಡ ಅವುಗಳ ತಲೆಯ ಮೇಲಿಂದ ಹಾರಿಹೋಗುತ್ತಿತ್ತು.

ಅತ್ತೆಗೆ ತೆಲುಗು ಬರುವುದಿಲ್ಲವೇ ಎಂದರೆ, ಬರುತ್ತದೆ ಎಂದು ಅವಳೇ ಹೇಳುತ್ತಾಳೆ. ಅವಳ ತೆಲುಗೆಂದರೆ ಕನ್ನಡದ ಪ್ರತಿ ಮಾತಿಗೂ ಕೊನೆಗೊಂದು ‘ಲು’. ‘ಎಲ್ಲಾರಲು ಸ್ಲೇಟುಲು ತೆಗೀಲು’ ಎನ್ನುತ್ತಿದ್ದಳು. ಬಾಗಿಲು ಎಂಬ ಮಾತಿಗೆ ಕೊನೆಯಲ್ಲಿ ಆಗಲೇ ‘ಲು’ ಇರುವುದರಿಂದ ಅದು ಹುಟ್ಟಾ ತೆಲುಗು ಎಂದು ಅವಳ ವಾದ!

ಆ ಐವರಲ್ಲಿ ಮಾರಕ್ಕ ಎನ್ನುವ ಆರು ವರ್ಷದ ಹುಡುಗಿ ಒಬ್ಬಳು. ಶಾಲೆಗೆ ಸೇರಿ ವರ್ಷವಾಗುತ್ತಾ ಬಂದಿತ್ತು, ಒಂದು ಮಾತು ಆಡಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೇ. ನಾನು ಹೊರಗೆ ಸ್ಕೂಟರಿನ ಹತ್ತಿರ ನಿಂತಿದ್ದಾಗ ಅವಳ ಅಪ್ಪ ಬೋರಯ್ಯ ಕುರಿ ಹೊಡೆದುಕೊಂಡು ಬಂದ. ನಾನು ಟೀಚರ ಕಡೆಯವನೆಂದು ತಿಳಿದು ನಿಂತು ಮಾತಾಡಿಸಿದ.

‘ಮಿಸ್ಸು ಬಾಳ ಒಳ್ಳೇರು ಸಾರ್. ಆದ್ರೆ ನನ್ ಮಗಳು ಮನೇಲಿ ಕುರಿ ಜೊತೆ, ನಾಯಿ ಜೊತೆ, ಎಲ್ಲಾರ ಜೊತೆ ಮಾತಾಡ್ತಾಳೆ. ಇಲ್ಲಿ ಬಂದ್ರೆ ಮೂಗಿ ಆಗ್ತಾಳೆ. ಜೂನಿಗೆ ಆ ಕಡೆ ನಮ್ಮಕ್ಕನ ಊರಿನ ತೆಲುಗು ಸಾಲೆಗೆ ಬಿಡಾಣ ಅಂತ ಮಾಡೀನಿ. ಇನ್ನ ಮೂರು ಮನೆಯೋರೂ ಅದೇ ಅಂತಾವ್ರೆ. ಮಿಸ್ಸಿಗೆ ಹೆಂಗ್ ಹೇಳಾದು, ಅದೇ ತಿಳೀದು.’

ನಾಲ್ಕು ಮಕ್ಕಳು ಹೋದರೆ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸಿಬಿಡುತ್ತಾರೆ ಎಂಬ ಮಾತು ಮೊದಲೇ ಇತ್ತು. ಸಂಜೆ ಅತ್ತೆಯನ್ನು ಕರೆತರುವಾಗ ಬೋರಯ್ಯ ಹೇಳಿದ್ದನ್ನು ಹೇಳಿದೆ. ‘ನಿನ್ನ ಗುಂಪಿನಲ್ಲಿ ಕೇಳಬಾರ್ದಾ ಅತ್ತೆ? ಇಂಥದ್ದು ಬೇರೆಯವರಿಗೂ ಆಗಿರ್ತೈತೆ’ ಎಂದೆ.

‘ಆ ಹುಡುಗಿ ಮಾತಾಡ್ತಾಳೆ. ನೀನು ರಸ್ತೆ ನೋಡಿ ಓಡಿಸು’ ಎಂದಳು.

ಆ ಭಾನುವಾರ ಅವಳು ಅಂಗಡಿಗೆ ಬಂದು ಯಾರಿಗೋ ಉತ್ತರ ಬರೆಸಿ ಎದ್ದು ಹೋದಳು. ನೋಡಿದರೆ ಅವಳ ಇ-ಮೇಲು ತೆರೆದೇ ಇದೆ! ಮುಚ್ಚುವುದು ಹೇಗೆ ಎಂದು ಯಾರನ್ನಾದರೂ ಕೇಳಿದ್ದರೆ ತಾನೆ ಗೊತ್ತಾಗುವುದು? ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೇ ಅವಳ ಹೆಸರಿನಲ್ಲಿ ಬರೆದೆ: ‘ನನ್ನ ಶಾಲೆಯ ಒಂದನೇ ತರಗತಿಯ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಒಬ್ಬ ಹುಡುಗಿ ವರ್ಷದಿಂದ ಬಾಯಿ ಬಿಟ್ಟಿಲ್ಲ. ಏನು ಮಾಡಬೇಕೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.’

ಮುಂದಿನ ವಾರ ಅತ್ತೆ ಬಂದು ತೆರೆದಾಗ ಹನ್ನೊಂದು ಉತ್ತರಗಳು ಕಾದಿದ್ದವು. ಅವಳು ಮೊದಲನೆಯದನ್ನು ಓದಿದಳು. ನನ್ನನ್ನು ನೋಡಿದಳು.

‘ನನಗೆ ಗೊತ್ತಿಲ್ಲ ಅಂತ ಊರಿಗೆಲ್ಲ ಸಾರಿದೀಯಲ್ಲೋ!’ ಎಂದಳು. ಧ್ವನಿಯಲ್ಲಿ ಯಾವಾಗಿನ ಜೋರು ಇರಲಿಲ್ಲ. ಚೀಲ ಎತ್ತಿಕೊಂಡು ಹೋದಳು. ಎರಡು ಭಾನುವಾರ ಬರಲಿಲ್ಲ. ಮನೆಗೆ ಹೋದರೆ ಮಾವ ಬಾಗಿಲಲ್ಲೇ ನಿಂತು, ‘ಈಗ ಬ್ಯಾಡಪ್ಪ, ಹೋಗು’ ಎಂದರು.

ಮೂರನೇ ಭಾನುವಾರ ಬಂದಳು. ಕೈಯಲ್ಲಿ ಇನ್ನೂರು ಪುಟದ ಹೊಸ ನೋಟ್‌ಬುಕ್ಕು. ‘ಅವನ್ನ ಒಂದೊಂದಾಗಿ ತೆಗಿ’ ಎಂದಳು. ಹನ್ನೊಂದನ್ನೂ ಸ್ವಂತ ಕೈಯಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

ಬೆಳಗಾವಿ ಕಡೆಯ ಒಬ್ಬ ಟೀಚರಿಗೆ ಮರಾಠಿ ಮಕ್ಕಳು, ಇನ್ನೊಬ್ಬರಿಗೆ ಲಂಬಾಣಿ ತಾಂಡಾದ ಮಕ್ಕಳು, ಕೋಲಾರದ ಕಡೆಯವರಿಗೆ ನಮ್ಮ ಹಾಗೇ ತೆಲುಗು. ಎಲ್ಲರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ‘ಮಕ್ಕಳ ಮಾತನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ. ಒಂದು ಚಿತ್ರ ಬರೆದು, ಇದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ ಎಂದು ಕೇಳಿ. ಅವರು ಹೇಳಿದ್ದನ್ನು ನೀವು ಕಲಿಯಿರಿ. ಆಮೇಲೆ ಕನ್ನಡದ ಮಾತು ಹೇಳಿ.’ ಕೊನೆಯ ಪತ್ರ ಧಾರವಾಡದ ಆ ಮೇಷ್ಟ್ರದು. ‘ಬಾಯಾರ, ನನ್ನ ಸಾಲ್ಯಾಗೂ ಹಿಂಗ ಆಗಿತ್ತು. ಎಂಟು ವರ್ಷ ಯಾರಿಗೂ ಹೇಳಲಿಲ್ಲ, ನಾಚಿಕಿ ಆತು. ನೀವು ಕೇಳಿದ್ದು ಓದಿ ಈಗ ಹೇಳಾಕ ಧೈರ್ಯ ಬಂತು.’ ಅತ್ತೆ ಆ ಸಾಲಿನ ಹತ್ತಿರ ಪೆನ್ನು ನಿಲ್ಲಿಸಿದಳು. ಮೂಗು ಒರೆಸಿಕೊಂಡು, ‘ಈ ಅಂಗಡಿ ಗುಡಿಸೋರೇ ಇಲ್ಲ, ಎಲ್ಲಿ ನೋಡಿದ್ರೂ ಧೂಳು’ ಎಂದಳು.

ಮುಂದೆ ನಡೆದದ್ದನ್ನು ನಾನು ನೋಡಲಿಲ್ಲ, ಅವಳೇ ಹೇಳಿದಳು. ಹೇಳುತ್ತಾ ಎರಡು ಸಲ ಎದ್ದು ನಿಂತಳು.

ಸೋಮವಾರ ಬೋರ್ಡಿನ ಮೇಲೆ ಒಂದು ಕುರಿಯ ಚಿತ್ರ ಬರೆದಳಂತೆ. ನಮ್ಮತ್ತೆಯ ಚಿತ್ರಕಲೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಅವಳು ಬರೆದ ಆನೆಗೂ ಹೂಕುಂಡಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಕೆಳಗೆ ಹೆಸರು ಬರೆದಿರಬೇಕು! ಬರೆದು, ಒಂದನೇ ತರಗತಿಯವರ ಮುಂದೆ ನೆಲದ ಮೇಲೆ ಕೂತು, ಕೋಲಾರದವರು ಬರೆದುಕೊಟ್ಟಿದ್ದ ಮಾತನ್ನು ನೋಟ್‌ಬುಕ್ಕು ನೋಡಿ ಓದಿದಳು. ‘ದೀನ್ನಿ ಏಮಂಟಾರು?’ ಇದಕ್ಕೆ ಏನಂತಾರೆ? ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಕೊನೆಗೆ ಒಬ್ಬ ಧೈರ್ಯ ಮಾಡಿ ‘ಗೊರ್ರೆ’ ಎಂದ. ತೆಲುಗಿನಲ್ಲಿ ಕುರಿ. ಅತ್ತೆ ಸಂತೋಷದಿಂದ ‘ಗೊರ್ರೆ! ಗೊರ್ರೆ!’ ಎಂದು ಬೋರ್ಡಿಗೆ ಬರೆಯಲು ಎದ್ದಳು.

ಮೂಲೆಯಿಂದ ಒಂದು ಧ್ವನಿ ಬಂತು. ಸಣ್ಣದೂ ಅಲ್ಲ, ಹೆದರಿದ್ದೂ ಅಲ್ಲ, ಸಿಟ್ಟಿನ ಧ್ವನಿ.

‘ಅದಿ ಗೊರ್ರೆ ಕಾದು ಮಿಸ್ಸು! ಮೇಕ!’

ಮಾರಕ್ಕ ಎದ್ದು ನಿಂತಿದ್ದಳು. ಅದು ಕುರಿಯಲ್ಲ, ಮೇಕೆ ಎನ್ನುತ್ತಿದ್ದಳು. ಕುರಿಗಳ ನಡುವೆಯೇ ಹುಟ್ಟಿ ಬೆಳೆದವಳು, ಅಂಥ ತಪ್ಪನ್ನು ಎಷ್ಟು ಹೊತ್ತು ಸಹಿಸಿಯಾಳು! ಬೋರ್ಡಿನ ಹತ್ತಿರ ಬಂದು, ಕುರಿಯ ಬಾಲ ಹೀಗಿರುವುದಿಲ್ಲ, ಕಿವಿ ಹೀಗಿರುವುದಿಲ್ಲ ಎಂದು ಒಂದೇ ಉಸಿರಿಗೆ ತೆಲುಗಿನಲ್ಲಿ ಹೇಳಿ, ಅತ್ತೆಯ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಬಾಲವನ್ನು ತಿದ್ದಿದಳಂತೆ.

‘ಮೇಕ ಅಂದ್ಲು ಕಣೋ’ ಎಂದಳು ಅತ್ತೆ ನನಗೆ. ‘ನಮ್ಮ ಮೇಕೆನೇ ಅಲ್ವೇನೋ ಅದು? ವರ್ಷದಿಂದ ಆ ಮಗು ಬಾಯೊಳಗೆ ಅರ್ಧ ಕನ್ನಡ ಇಟ್ಕೊಂಡು ಕೂತಿತ್ತು. ನಾನು ನೋಡ್ಲೇ ಇಲ್ಲ.’

ಜೂನಿಗೆ ಮಾರಕ್ಕ ಎಲ್ಲಿಗೂ ಹೋಗಲಿಲ್ಲ. ಉಳಿದ ಮೂರು ಮನೆಯವರೂ ಕಳಿಸಲಿಲ್ಲ. ಅತ್ತೆಯ ನೋಟ್‌ಬುಕ್ಕು ತುಂಬಿ ಇನ್ನೊಂದು ಬಂತು, ಎಡಗಡೆ ಮಕ್ಕಳ ಮಾತು, ಬಲಗಡೆ ಕನ್ನಡ. ಅದರಿಂದ ವಾರಕ್ಕೊಂದು ಪುಟವನ್ನು ನಾನು ಗುಂಪಿಗೆ ಟೈಪು ಮಾಡಿ ಕಳಿಸುತ್ತಿದ್ದೆ. ಪ್ರತಿ ಪುಟದ ಕೊನೆಗೂ ಅತ್ತೆಯ ಒಂದು ಪ್ರಶ್ನೆ! ನಾಲ್ಕು ತರಗತಿಯನ್ನು ಒಟ್ಟಿಗೆ ಹೇಗೆ ಕೂರಿಸುತ್ತೀರಿ? ಮಳೆ ಬಂದು ಸೋರಿದರೆ ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ? ಹುಷಾರಿಲ್ಲದ ದಿನ ಏನು ಮಾಡುತ್ತೀರಿ? ಅಷ್ಟು ವರ್ಷ ಒಳಗೇ ಉಳಿದಿದ್ದ ಪ್ರಶ್ನೆಗಳೆಲ್ಲ ಕಟ್ಟೆ ಒಡೆದು ಬಂದಂತೆ ಬಂದವು. ನನ್ನ ಬೆರಳು ನೋಯುತ್ತಿದ್ದವು.

ಮರುವರ್ಷದ ದಸರಾ ರಜೆಯಲ್ಲಿ ಗುಂಪಿನ ಐದು ಜನ ನಮ್ಮತ್ತೆಯ ಶಾಲೆ ನೋಡಲು ಬಂದರು. ರಜೆಯಾದರೂ ಮಕ್ಕಳು ಬಂದಿದ್ದರು. ಒಂದೇ ಟೀಚರಿನ ಶಾಲೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅತ್ತೆ ಹಳ್ಳಿಯ ನಾಲ್ಕಾರು ಮನೆ ತಿರುಗಿ ಐದು ಕುರ್ಚಿ ಇಸಿದುಕೊಂಡು ಬಂದು, ತನ್ನದರ ಜೊತೆ ಸಾಲಾಗಿ ಹಾಕಿಸಿದಳು. ಧಾರವಾಡದ ಮೇಷ್ಟ್ರು ತೆಳ್ಳಗೆ, ಮೆತ್ತಗೆ ಇದ್ದ ಮನುಷ್ಯ. ಪತ್ರದಲ್ಲಿ ಅಷ್ಟು ಬೆಂಕಿ ಎಲ್ಲಿಂದ ಬಂದಿತ್ತೋ! ಇಡೀ ದಿನ ಆ ಆರು ಜನ ಮಾತಾಡಿದ್ದೇ ಮಾತಾಡಿದ್ದು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ‘ಹೌದು, ಹೌದು, ನನಗೂ ಹಂಗೇ’ ಎನ್ನುವರು. ಮಾರಕ್ಕ ಅವರಿಗೆಲ್ಲ ಎರಡು ಭಾಷೆಯಲ್ಲೂ ಊರಿನ ಸಮಾಚಾರ ಕೊಟ್ಟಳು. ಒಂದು ಭಾಷೆಯಲ್ಲಿ ಅವಳ ಬಾಯಿ ನಿಲ್ಲಿಸುವುದು ಕಷ್ಟ, ಇನ್ನು ಎರಡರಲ್ಲಿ ಕೇಳಬೇಕೆ!

ಸಂಜೆ ಅವರನ್ನು ಬಸ್ಸು ಹತ್ತಿಸಿ ನಾನು ಶಾಲೆಗೆ ವಾಪಸ್ ಬಂದಾಗ ಕೋಣೆಯಲ್ಲಿ ಅತ್ತೆ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಖಾಲಿ ಕುರ್ಚಿಗಳು.

‘ಇಷ್ಟು ವರ್ಷ ನೀನು ಯಾರನ್ನೂ ಏನೂ ಕೇಳ್ತಿರಲಿಲ್ಲ. ಈಗ ನೋಡಿದ್ರೆ ಬಾಯಿಗೆ ಬಿಡುವಿಲ್ಲ’ ಎಂದು ನಾನು ತಮಾಷೆ ಮಾಡಿದೆ.

ಅವಳು ನಗಲಿಲ್ಲ. ‘ಇಪ್ಪತ್ತಾರು ವರ್ಷ ಕಣೋ’ ಎಂದಳು. ‘ಬೆಳಿಗ್ಗೆ ಬಾಗಿಲು ತೆಗೆಯೋಳು ನಾನೇ, ಸಂಜೆ ಹಾಕೋಳು ನಾನೇ. ಮೊದಮೊದಲು ದಿನಾ ಅನ್ನಿಸ್ತಿತ್ತು, ಇದನ್ನ ಯಾರನ್ನಾದ್ರೂ ಕೇಳ್ಬೇಕು, ಅದನ್ನ ಕೇಳ್ಬೇಕು ಅಂತ. ತಿರುಗಿ ನೋಡಿದ್ರೆ ಗೋಡೆ. ಹಿಂಗೇ ಎಲ್ಲಾ ನನಗೇ ಗೊತ್ತು ಅಂತ ಅಂದ್ಕೊಳ್ಳೋದು ಅಭ್ಯಾಸ ಆಗಿಹೋಯ್ತು. ಗೊತ್ತಿಲ್ಲ ಅಂದ್ರೆ ಆ ಹದಿನೆಂಟು ಮಕ್ಕಳಿಗೆ ಇನ್ಯಾರಿದ್ರು, ಹೇಳು?’

ಇಷ್ಟು ವರ್ಷ ಇವಳ ಮೇಲೆ ನಾವು ಮಾಡಿ ನಕ್ಕ ತಮಾಷೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಕತ್ತಲಾಗುವ ಮೊದಲು ಕೊಟ್ಟುಬರೋಣ ಎಂದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಲು ಕೈ ಹಾಕಿದೆ.

ಅತ್ತೆ ನನ್ನ ಕೈ ಹಿಡಿದಳು.

‘ಇವತ್ತೊಂದಿನ ಇರಲಿ ಬಿಡೋ’ ಎಂದಳು. ‘ನಾಳೆ ಕೊಟ್ರಾಯ್ತು.’